19ನೇ ಅಧ್ಯಾಯದ ವಾಟ

ಕಾದಂಬರಿಯ ಮೊದಲ ಕರಡು ಮುಗಿದು ಮೂರು ತಿಂಗಳಾಗಿತ್ತು. 38 ಅಧ್ಯಾಯ, ಎ4 ಹಾಳೆಯಲ್ಲಿ 312 ಪುಟ. ಗೆಳತಿಗೆ ಓದಲು ಕೊಟ್ಟಿದ್ದೆ. ಅವಳು 19ನೇ ಅಧ್ಯಾಯದ ಮೊದಲ ಪುಟಕ್ಕೆ ಒಂದು ಹಳದಿ ಚೀಟಿ ಅಂಟಿಸಿ ವಾಪಸ್ ಕೊಟ್ಟಳು. ಅದರಲ್ಲಿ ಒಂದೇ ಸಾಲು: "ನೀರು ಇಲ್ಲಿಂದ ಅಲ್ಲಿಗೆ ಹೇಗೆ ಹೋಯ್ತೇ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಐದು ಭಾನುವಾರ ಹಿಡಿಯಿತು. ಒಂದು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ, ಎರಡು ಕೆ.ಜಿ. ವಾಲ್ ಪುಟ್ಟಿ, ಅರ್ಧ ಲೀಟರ್ ಎನಾಮೆಲ್ ಪೇಂಟ್ ಖರ್ಚಾಯಿತು. ಏನೇನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಯಾಯಿತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕಥೆ ಸ್ವಲ್ಪ ಹೇಳಬೇಕು. ಇದು ಈ ಕಾಲದ ಬೆಂಗಳೂರಿನ ಕಥೆ. ಮೆಟ್ರೋ ಇದೆ, ಮಾಟವೂ ಇದೆ. ನಾಯಕಿ ಮುನಿಲಕ್ಷ್ಮಿಗೆ 27 ವರ್ಷ. ಬೆಳ್ಳಂದೂರಿನ ಒಂದು ಟೆಕ್ ಪಾರ್ಕಿನಲ್ಲಿ ಕೆಲಸ. ಆಫೀಸಿನಲ್ಲಿ ಅವಳು 'ಲಕ್ಷ್'. ಕಾಮಾಕ್ಷಿಪಾಳ್ಯದ ಮನೆಯಲ್ಲಿ ಅಮ್ಮನಿಗೆ 'ಲಕ್ಷ್ಮಿ'. ತೀರಿಹೋದ ಅಜ್ಜಿಗೆ ಮಾತ್ರ 'ಮುನಿ'. ಬೆಂಗಳೂರು, ಕೋಲಾರದ ಕಡೆ ಮುನಿಯಪ್ಪ, ಮುನಿಯಮ್ಮ, ಮುನಿರತ್ನ ಅನ್ನೋ ಹೆಸರು ಬೀದಿಗೆ ನಾಲ್ಕು ಸಿಗುತ್ತವೆ. ಆ ಎರಡಕ್ಷರ ತನ್ನ ಹಳ್ಳಿ, ಮನೆದೇವರು, ಜಾತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತದೆ ಅಂತ ಅವಳಿಗೆ ಭಯ. ಅದಕ್ಕೇ ಆ ಹೆಸರನ್ನು ಮಡಚಿ ಒಳಗಿಟ್ಟಿದ್ದಾಳೆ.

ಅವಳ ಅಜ್ಜಿಯ ಮನೆತನದವರು ನೀರುಗಂಟಿಗಳು. ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಈ ಕಡೆ ಹೆಚ್ಚಾಗಿ ದಲಿತ ಮನೆತನಗಳು ತಲೆಮಾರಿನಿಂದ ಈ ಕೆಲಸ ಮಾಡಿಕೊಂಡು ಬಂದಿವೆ. ಸುಗ್ಗಿಯಲ್ಲಿ ಧಾನ್ಯವೇ ಕೂಲಿ. ಊರಿಗೆಲ್ಲ ನೀರು ಹಂಚುವ ಕೈ ಅದು. ಅದೇ ಕೈಯಿಂದ ನೀರು ಇಸಕೊಂಡು ಕುಡಿಯಲು ಊರು ಒಪ್ಪುತ್ತಿರಲಿಲ್ಲ. ಕಾದಂಬರಿ ಹುಟ್ಟಿದ್ದು ಈ ಒಂದು ಸಂಗತಿಯಿಂದ.

ಮಾಟವೂ ಅಲ್ಲಿಂದಲೇ ಬರುತ್ತದೆ. ಸಂಪಂಗಿ ಕೆರೆ ಇದ್ದ ಕಡೆ ಈಗ ಕಂಠೀರವ ಕ್ರೀಡಾಂಗಣ ಇದೆ. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಗಿದೆ. ನನ್ನ ಕಥೆಯಲ್ಲಿ ಈ ಕೆರೆಗಳು ಸತ್ತಿಲ್ಲ. ಮಣ್ಣಿನಡಿ ತುಂಬಿಕೊಂಡೇ ಇವೆ. ನೀರುಗಂಟಿ ಮನೆತನದವರು ನಿಂತು ತಮ್ಮ ಪೂರ್ತಿ ಹೆಸರು ಹೇಳಿದರೆ ತೂಬು ಏಳುತ್ತದೆ. ಎದ್ದ ತೂಬಿನ ಕೆಳಗೆ, ನೀರು ಹರಿದಷ್ಟು ದೂರ, ಎಲ್ಲರ ಕಿವಿಗೂ ಆ ಹೆಸರು ಬೀಳುತ್ತದೆ. ಹಳೆ ಕಾಲದಲ್ಲಿ ನೀರುಗಂಟಿ ನೀರು ಬಿಡುವಾಗ ಕೂಗಿ ಹೇಳುತ್ತಿದ್ದ ಹಾಗೆ.

19ನೇ ಅಧ್ಯಾಯದಲ್ಲಿ ಮುನಿಲಕ್ಷ್ಮಿ ಮೊದಲ ಸಲ ಸಂಪಂಗಿ ತೂಬು ಎತ್ತುತ್ತಾಳೆ. ಕಾಮಾಕ್ಷಿಪಾಳ್ಯದಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳ ಅಮ್ಮನಿಗೆ ನಲ್ಲಿಯಲ್ಲಿ ಆ ಹೆಸರು ಕೇಳುತ್ತದೆ. ಅಮ್ಮ ಅಳುತ್ತಾಳೆ. ಬರೆಯುವಾಗ ನಾನೂ ಅತ್ತಿದ್ದೆ.

"ಮಾಟ ಅಲ್ವಾ, ಹೋಗುತ್ತೆ ಬಿಡು" ಅಂದೆ ಗೆಳತಿಗೆ.

"ಹಾಗಿದ್ರೆ ಕೆರೆ ಯಾಕೆ ಬೇಕಿತ್ತು? ಮಂತ್ರದ ಕೋಲೇ ಸಾಕಿತ್ತಲ್ಲ" ಅಂದಳು.

ಅವಳ ಮಾತು ಸರಿ. ನೀರಿನ ಮಾಟ ಅಂದಮೇಲೆ ಅದು ನೀರಿನ ಹಾಗೇ ನಡೆದುಕೊಳ್ಳಬೇಕು. ಹಾಗಾದರೆ ಸಂಪಂಗಿ ಕೆರೆಯ ನೀರು ನಿಜಕ್ಕೂ ಎಲ್ಲಿಗೆ ಇಳಿಯುತ್ತದೆ ಅಂತ ನನಗೆ ಗೊತ್ತಿರಬೇಕು. ನಕ್ಷೆ ನೋಡಿದೆ. ನಕ್ಷೆಯಲ್ಲಿ ಊರು ಚಪ್ಪಟೆ. ನೀರು ಸುರಿದು ನೋಡಬಹುದಾದ ಊರು ಬೇಕಾಗಿತ್ತು.

ಮೊದಲ ಭಾನುವಾರ: ಎತ್ತರ ತೆಗೆದಿದ್ದು

2000ದ ಫೆಬ್ರವರಿಯಲ್ಲಿ ಒಂದು ಬಾಹ್ಯಾಕಾಶ ನೌಕೆ ರಾಡಾರ್ ಹಿಡಿದು ಭೂಮಿಯ ಬಹುಪಾಲು ನೆಲದ ಎತ್ತರ ಅಳೆದಿತ್ತು. ಎಸ್‌ಆರ್‌ಟಿಎಂ ಅಂತಾರೆ. ಆ ಅಂಕಿಗಳು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಸುಮಾರು 30 ಮೀಟರಿಗೆ ಒಂದು ಅಳತೆ. ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್, ಅದೂ ಪುಕ್ಕಟೆ. ಅದರಲ್ಲಿ ಹಾಕಿ 10 ಮೀಟರಿಗೊಂದು ಸಮೋನ್ನತಿ ಗೆರೆ ಎಳೆಸಿದೆ. ಸಮ ಎತ್ತರದ ಜಾಗಗಳನ್ನೆಲ್ಲ ಸೇರಿಸುವ ಗೆರೆ ಅದು.

ಗೆರೆ ಬಂತು, ಆದರೆ ಹರಿದ ಬಲೆಯ ಹಾಗೆ ಬಂತು. ಪೇಟೆ, ಎಂ.ಜಿ. ರಸ್ತೆ ಕಡೆಯೆಲ್ಲ ಸಣ್ಣಸಣ್ಣ ಗುಡ್ಡಗಳು. ಅಲ್ಲಿ ಗುಡ್ಡ ಎಲ್ಲಿಂದ ಬಂತು ಅಂತ ಒಂದು ಗಂಟೆ ತಲೆ ಕೆಡಿಸಿಕೊಂಡೆ. ರಾಡಾರಿಗೆ ಕಾಣುವುದು ತಾರಸಿ ಮತ್ತು ಮರದ ತಲೆ. ನೆಲ ಅದಕ್ಕೆ ಕಾಣುವುದಿಲ್ಲ. ಕಬ್ಬನ್ ಪಾರ್ಕಿನ ಮರಗಳೂ ಬೆಟ್ಟದ ಲೆಕ್ಕಕ್ಕೆ ಸೇರಿದ್ದವು. ಸ್ಮೂತ್ ಮಾಡುವ ಫಿಲ್ಟರ್ ಎರಡು ಸಲ ಓಡಿಸಿದ ಮೇಲೆ ಕಟ್ಟಡ ಕರಗಿ ನೆಲ ಉಳಿಯಿತು. ಮೂರನೇ ಸಲ ಓಡಿಸಿದರೆ ಕಣಿವೆಗಳೂ ಕರಗಿದವು. ಎರಡಕ್ಕೇ ನಿಲ್ಲಿಸಿದೆ.

ಅಳತೆ ಹೀಗೆ ಇಟ್ಟುಕೊಂಡೆ. ಪಶ್ಚಿಮಕ್ಕೆ ಕಾಮಾಕ್ಷಿಪಾಳ್ಯ, ಪೂರ್ವಕ್ಕೆ ಬೆಳ್ಳಂದೂರು ಕೆರೆ ಒಳಗೆ ಬರಬೇಕು. 18 ಕಿ.ಮೀ. ಉದ್ದ, 12 ಕಿ.ಮೀ. ಅಗಲ. 20,000ಕ್ಕೆ 1 ಅಂತ ಇಳಿಸಿದರೆ 90 ಸೆಂ.ಮೀ., 60 ಸೆಂ.ಮೀ. ಆಗುತ್ತದೆ. ನಮ್ಮ ಊಟದ ಮೇಜಿಗಿಂತ ಸ್ವಲ್ಪ ಚಿಕ್ಕದು. ಎತ್ತರವನ್ನೂ ಇದೇ ಅಳತೆಗೆ ಇಳಿಸಿದರೆ 10 ಮೀಟರ್ ಅಂದರೆ ಬರೀ ಅರ್ಧ ಮಿಲಿಮೀಟರ್. ಕಣ್ಣಿಗೂ ಕಾಣಲ್ಲ, ನೀರಿಗೂ ತಿಳಿಯಲ್ಲ. 3 ಮಿ.ಮೀ. ದಪ್ಪದ ರಟ್ಟು 10 ಮೀಟರಿಗೆ ಒಂದು ಪದರ ಅಂತ ಲೆಕ್ಕ ಹಾಕಿದೆ. ಎತ್ತರ ಆರು ಪಟ್ಟು ಜಾಸ್ತಿ ಆಯಿತು. ನೀರು ಯಾವ ಕಡೆ ಹೋಗುತ್ತದೆ ಅನ್ನೋದಷ್ಟೇ ನನಗೆ ಬೇಕಾಗಿತ್ತು. ಅದಕ್ಕೆ ಇದು ಸಾಕು.

ಎರಡನೇ ಭಾನುವಾರ: ಕತ್ತರಿಸಿ ಅಂಟಿಸಿದ್ದು

ನಕ್ಷೆಯನ್ನು ಎ3 ಹಾಳೆಯಲ್ಲಿ ಒಂಬತ್ತು ತುಂಡಾಗಿ ಪ್ರಿಂಟ್ ತೆಗೆಸಿ ಸೇರಿಸಿದೆ. ಅದರ ಕೆಳಗೆ ಕಾರ್ಬನ್ ಪೇಪರ್, ಅದರ ಕೆಳಗೆ ರಟ್ಟು. ರಿಫಿಲ್ ಮುಗಿದ ಪೆನ್ನಿನಲ್ಲಿ ಒಂದೊಂದೇ ಗೆರೆ ತಿದ್ದಿದೆ. ಹದಿನೈದು ಪದರ. ಕಟರ್ ಬ್ಲೇಡ್ ಮೂರು ರಟ್ಟಿಗೊಮ್ಮೆ ಮೊಂಡಾಗುತ್ತದೆ. ಮೊಂಡು ಬ್ಲೇಡಿನಲ್ಲಿ ಕೊಯ್ದರೆ ರಟ್ಟಿನ ಒಳಗಿನ ಸುಕ್ಕುಪದರ ಹರಿದು ಅಂಚು ಬಾಯಿ ಬಿಡುತ್ತದೆ. ಬ್ಲೇಡಿನ ತುದಿ ಮುರಿದು ಹೊಸದು ಮಾಡಿಕೊಳ್ಳಲು ಜಿಪುಣತನ ಮಾಡಬಾರದು.

ಫೆವಿಕಾಲ್ ಹಚ್ಚಿ ಒಂದರ ಮೇಲೊಂದು ಕೂರಿಸಿ, ಮೇಲೆ ನಿಘಂಟಿನ ಸಂಪುಟಗಳನ್ನು ಹೇರಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಊರು ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ. ಎರಡೂ ಕಡೆ ಇಳಿಜಾರು. ಪಶ್ಚಿಮದ ಕಡೆ ಇಳಿಜಾರು ಕಡಿದು, ಪೂರ್ವದ ಕಡೆ ನಿಧಾನ. ಹಂಚಿನ ಮನೆಯ ಮಾಡು ನೋಡಿದ ಹಾಗಾಯಿತು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದೇನೆ. ಅದರ ಬೆನ್ನುಮೂಳೆ ನೋಡಿದ್ದು ಆವತ್ತೇ.

ಮೆಟ್ಟಿಲು ಹಾಗೇ ಬಿಟ್ಟರೆ ನೀರು ಒಂದೊಂದು ಮೆಟ್ಟಿಲಲ್ಲೂ ನಿಲ್ಲುತ್ತದೆ. ಅದಕ್ಕೆ ಪುಟ್ಟಿ ಕಲಸಿ ಬೆರಳಲ್ಲಿ ಬಳಿದು ನುಣುಪು ಮಾಡಿದೆ. ಪುಟ್ಟಿ ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ ಇರಬೇಕು. ಹಸಿ ಇರುವಾಗಲೇ ಚಮಚದ ಬೆನ್ನಿನಿಂದ ಒತ್ತಿ ಕೆರೆ ಮಾಡಿದೆ. ಹಲಸೂರು, ಸ್ಯಾಂಕಿ, ಕೆಂಪಾಂಬುಧಿ, ಅಗರ, ಬೆಳ್ಳಂದೂರು. ಆಮೇಲೆ ಈಗ ಇಲ್ಲದ ಕೆರೆಗಳು. ಮೆಜೆಸ್ಟಿಕ್ಕಿನ ಮೇಲೆ ಚಮಚ ಒತ್ತುವಾಗ ಕೈ ಸ್ವಲ್ಪ ನಡುಗಿತು. ಅಷ್ಟು ಬಸ್ಸು, ಅಷ್ಟು ಜನ, ಕೆಳಗೆ ಎರಡು ಮೆಟ್ರೋ ಮಾರ್ಗ. ಅದರಲ್ಲಿ ಉತ್ತರ-ದಕ್ಷಿಣ ಮಾರ್ಗದ ಸುರಂಗ ಕೊರೆದ ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಅಂತ ಹೆಸರಿಟ್ಟಿದ್ದರು. ಕೆರೆ ಮುಚ್ಚಿದ ಊರಿನ ಕೆಳಗೆ ನದಿಗಳ ಹೆಸರು ಹೊತ್ತ ಯಂತ್ರಗಳು ಓಡಾಡಿದವು. ಇದು 7ನೇ ಅಧ್ಯಾಯದಲ್ಲಿ ಇದ್ದಹಾಗೇ ಇದೆ. ಅದಕ್ಕೆ ನಾನು ಒಂದು ಸುಳ್ಳನ್ನೂ ಸೇರಿಸಬೇಕಾಗಲಿಲ್ಲ.

ಮೂರನೇ ಭಾನುವಾರ: ಎರಡು ಸಲ ಕೆಟ್ಟಿತು

ಮೇಲೆ ಒಂದು ಕೋಟ್ ಎನಾಮೆಲ್ ಬಳಿದು, ಒಣಗಿಸಿ, ತಾರಸಿಗೆ ಹೊತ್ತುಕೊಂಡು ಹೋದೆ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬೆರೆಸಿದ ನೀರನ್ನು ಒಗ್ಗರಣೆ ಸೌಟಿನಲ್ಲಿ ಸಂಪಂಗಿ ಕೆರೆಗೆ ಬಿಟ್ಟೆ. ನೀರು ಸೀದಾ ಉತ್ತರಕ್ಕೆ ಹೋಯಿತು. ಮೆಜೆಸ್ಟಿಕ್ಕಿಗೆ ಬಿಟ್ಟೆ, ಅದೂ ಉತ್ತರಕ್ಕೆ. ಲಾಲ್‌ಬಾಗಿಗೆ ಬಿಟ್ಟೆ, ಅದೂ ಉತ್ತರಕ್ಕೆ. ಊರಿನ ನೀರೆಲ್ಲ ಮಲ್ಲೇಶ್ವರದ ಕಡೆ ಓಡುತ್ತಿತ್ತು.

ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಅಲ್ಲಿನ ಮೇಸ್ತ್ರಿ ಗೋಡೆ ಮೇಲಿಂದ ನೋಡುತ್ತಿದ್ದರು. "ಏನ್ ಮೇಡಂ, ಸ್ಕೂಲ್ ಪ್ರಾಜೆಕ್ಟಾ?" ಅಂದರು. ವಿಷಯ ಹೇಳಿದೆ. ಅವರು ಮೇಜಿನ ಕಾಲು ನೋಡಿದರು. "ತಾರಸಿ ಅಂದ್ಮೇಲೆ ವಾಟ ಕೊಟ್ಟಿರ್ತಾರೆ ಮೇಡಂ. ಮಳೆ ನೀರು ಪೈಪಿಗೆ ಹೋಗ್ಬೇಕಲ್ಲ. ನಿಮ್ಮ ಊರಿಗೂ ಅದೇ ವಾಟ ಬಂದ್ಬಿಟ್ಟಿದೆ."

ವಾಟ. ನೆಲಕ್ಕೆ ಬೇಕಂತಲೇ ಕೊಡುವ ಇಳಿಜಾರು. ಮೇಸ್ತ್ರಿಗಳ ಬಾಯಲ್ಲಿ ನೂರು ಸಲ ಕೇಳಿದ ಪದ. ನನ್ನ ಕಾದಂಬರಿಯಲ್ಲಿ ಇಷ್ಟು ದಿನ ಅದರ ಜಾಗದಲ್ಲಿ 'ಜಲಶಕ್ತಿಯ ಪ್ರವಾಹಪಥ' ಅಂತ ಕೂತಿತ್ತು. ಆವತ್ತು ರಾತ್ರಿ ಹುಡುಕಿ 46 ಕಡೆ ಅದನ್ನು ಹೊಡೆದು ಹಾಕಿ 'ವಾಟ' ಅಂತ ಬರೆದೆ. ಒಂದು ಪದ ಬದಲಾದ ತಕ್ಷಣ ಪಾತ್ರಗಳ ಮಾತೇ ಬದಲಾಯಿತು. ಮುನಿಲಕ್ಷ್ಮಿಯ ಅಜ್ಜಿ ಈಗ "ಊರಿನ ವಾಟ ಗೊತ್ತಿಲ್ದೋಳು ತೂಬು ಮುಟ್ಬಾರ್ದು" ಅಂತಾಳೆ. ಮೊದಲು ಅವಳು ಏನು ಅನ್ನುತ್ತಿದ್ದಳು ಅಂತ ಇಲ್ಲಿ ಬರೆಯಲು ಮನಸ್ಸಿಲ್ಲ.

ಮೇಸ್ತ್ರಿ ಲೆವೆಲ್ ಪೈಪ್ ತಂದರು. ಉದ್ದನೆಯ ಪಾರದರ್ಶಕ ಪೈಪು, ಒಳಗೆ ನೀರು. ಎರಡು ತುದಿಯನ್ನೂ ಮೇಜಿನ ಎರಡು ಮೂಲೆಗೆ ಹಿಡಿದು ನೀರಿನ ಮಟ್ಟ ನೋಡಿದರು. ಒಂದು ಕಡೆ ಎರಡು ಬೆರಳು ವ್ಯತ್ಯಾಸ. ಕಾಲಿನ ಕೆಳಗೆ ಟೈಲ್ಸ್ ಚೂರು ಇಟ್ಟು ಸಮ ಮಾಡಿದರು. ಕೂಲಿ ಅಂತ ಏನೂ ತಗೊಳ್ಳಲಿಲ್ಲ. ಕಾಫಿ ಕುಡಿದು ಹೋದರು.

ಮತ್ತೆ ನೀರು ಬಿಟ್ಟೆ. ಈ ಸಲ ಸಂಪಂಗಿಯಿಂದ ಆಗ್ನೇಯಕ್ಕೆ ತಿರುಗಿತು. ಖುಷಿಯಾಗಿ ಇನ್ನೊಂದು ಸೌಟು, ಮತ್ತೊಂದು ಸೌಟು. ಹತ್ತು ನಿಮಿಷಕ್ಕೆ ಕೋರಮಂಗಲ ಉಬ್ಬಿತು. ಪಕ್ಕದ ಅಂಚುಗಳಿಗೆ ಪೇಂಟ್ ಬಳಿದಿರಲಿಲ್ಲ. ಅಲ್ಲಿಂದ ನೀರು ಒಳಗೆ ಇಳಿದು ರಟ್ಟಿನ ಪದರಗಳು ಬಿಟ್ಟುಕೊಂಡಿದ್ದವು. ಒತ್ತಿದರೆ ಇಡ್ಲಿ ಹಾಗೆ ಮೆತ್ತಗೆ. ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದೆ. ಅಂಗೈ ಅಗಲದ ತುಂಡು ಕೊಯ್ದು ತೆಗೆದೆ. ಹೊಸ ರಟ್ಟು ಕೂರಿಸಿ, ಪುಟ್ಟಿ ಹಚ್ಚಿ, ಉಜ್ಜಿ, ಈ ಸಲ ಅಡಿಗೂ ಅಂಚಿಗೂ ಸೇರಿ ಎರಡು ಕೋಟ್ ಎನಾಮೆಲ್ ಕೊಟ್ಟೆ. ಇಂಥ ಮಾದರಿ ಮಾಡುವವರು ಮೊದಲೇ ಅಡಿಗೆ ಬಳಿಯಿರಿ. ಒಂದು ವಾರ ಉಳಿಯುತ್ತದೆ.

ನಾಲ್ಕನೇ ಭಾನುವಾರ: ಉತ್ತರ ಸಿಕ್ಕಿತು, ಅಧ್ಯಾಯ ಬಿತ್ತು

ಸಾಸಿವೆ ಕಾಳು ಒಂದು ಕಾಮಾಕ್ಷಿಪಾಳ್ಯದ ಮೇಲೆ: ಅಮ್ಮನ ಮನೆ. ಇನ್ನೊಂದು ಬೆಳ್ಳಂದೂರಿನ ದಡದಲ್ಲಿ: ಆಫೀಸು. ಸಂಪಂಗಿಗೆ ನೀಲಿ ನೀರು ಬಿಟ್ಟೆ. ಶಾಂತಿನಗರದ ಕಡೆ ಜಾರಿತು. ಕೋರಮಂಗಲದ ತಗ್ಗಿಗೆ ಬಂತು. ಬೆಳ್ಳಂದೂರು ಕೆರೆಯಲ್ಲಿ ತುಂಬಿ ನಿಂತಿತು. ಮಾದರಿಯ ಮೇಲೆ ಸುಮಾರು 42 ಸೆಂ.ಮೀ. ದಾರಿ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿಗೆ ಹೋಗುವ ಕೆ-100 ರಾಜಕಾಲುವೆಯ ದಾರಿಗೆ ಇದು ಹೆಚ್ಚುಕಡಿಮೆ ಹೊಂದಿಕೊಂಡಿತು. ಕಾಮಾಕ್ಷಿಪಾಳ್ಯದ ಸಾಸಿವೆ ಒಣಗಿಯೇ ಇತ್ತು.

ಅಲ್ಲಿಗೆ ಬೇರೆ ಸೌಟು ಬಿಟ್ಟು ನೋಡಿದೆ. ಅದು ವೃಷಭಾವತಿಯ ಕಣಿವೆಗೆ ಇಳಿದು ಮೈಸೂರು ರಸ್ತೆಯ ಕಡೆ ಮೇಜಿನಿಂದಾಚೆ ಸುರಿಯಿತು.

ಅಮ್ಮ, ಮಗಳು ದಿಣ್ಣೆಯ ಆಚೆ ಈಚೆ. ಅಮ್ಮನ ಮನೆಯ ಮಳೆ ನೀರು ವೃಷಭಾವತಿ ಸೇರಿ, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಮಗಳ ಆಫೀಸಿನ ನೀರು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಒಂದೇ ಊರಿನ ಎರಡು ಹನಿ ಮತ್ತೆ ಸೇರುವುದು ಬಂಗಾಳ ಕೊಲ್ಲಿಯಲ್ಲಿ ಮಾತ್ರ. ಸಂಪಂಗಿ ತೂಬು ಎತ್ತಿದರೆ ಅಮ್ಮನಿಗೆ ಏನೂ ಕೇಳಿಸುವುದಿಲ್ಲ. ಯಾರಿಗೆ ಗೊತ್ತಾಗಬಾರದು ಅಂತ ಮುನಿಲಕ್ಷ್ಮಿ ಹೆದರಿದ್ದಳೋ ಆ ಆಫೀಸಿಗೇ ಕೇಳುತ್ತದೆ.

ನಾನು ಅತ್ತು ಬರೆದ ದೃಶ್ಯ ಹೋಯಿತು. ಒಂಬತ್ತು ಪುಟ. ಮೇಜಿನ ಮುಂದೆ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಅರ್ಥವಾಯಿತು, ಕಾದಂಬರಿಗೆ ಬೇಕಾಗಿದ್ದು ಇದೇ. ಅಮ್ಮನಿಗೆ ಕೇಳಿದರೆ ಏನಾಗುತ್ತದೆ? ಪ್ರೀತಿ ಸಿಗುತ್ತದೆ, ಅಷ್ಟೇ. ಅದಕ್ಕೆ ಮುನಿಲಕ್ಷ್ಮಿ ಏನನ್ನೂ ತೆರಬೇಕಾಗಿಲ್ಲ. ಆಫೀಸಿಗೆ ಕೇಳಿದರೆ ಅವಳು ಮುಚ್ಚಿಟ್ಟಿದ್ದೆಲ್ಲ ಹೊರಗೆ. ಇನ್ನು ಪ್ರತಿ ಸಲ ತೂಬು ಮುಟ್ಟುವ ಮೊದಲು ಅವಳು ಯೋಚಿಸಲೇಬೇಕು.

ಹೊಸದಾಗಿ ಬರೆಯಲು ಕೂತಾಗ ಇನ್ನೊಂದು ತಪ್ಪು ಸಿಕ್ಕಿತು. ಆಫೀಸು ಏಳನೇ ಮಹಡಿಯಲ್ಲಿತ್ತು. ವಾಟದ ನಿಯಮ ಇಟ್ಟ ಮೇಲೆ ಮಾಟದ ನೀರು ಏಳು ಮಹಡಿ ಹತ್ತುವ ಹಾಗಿಲ್ಲ. ಹತ್ತಬೇಕಾದರೆ ಪಂಪ್ ಬೇಕು. ನನ್ನ ಕಥೆಯಲ್ಲಿ ಪಂಪ್ ಬೇರೆಯವರ ಕೈಯಲ್ಲಿದೆ. ಕಾವೇರಿ ನೀರು 1974ರಿಂದ ಬೆಂಗಳೂರಿಗೆ ಬರುತ್ತಿದೆ. ಸುಮಾರು 100 ಕಿ.ಮೀ. ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಪಂಪ್ ಮಾಡಿಕೊಂಡೇ ತರಬೇಕು. ಆ ಎತ್ತುವ ಬಲವನ್ನು ಕದ್ದು ಬಳಸುವವರ ಒಂದು ಗುಂಪು ಕಾದಂಬರಿಯಲ್ಲಿದೆ. ಅವರ ಮಾಟ ಮೇಲಕ್ಕೆ ಹೋಗುತ್ತದೆ, ಮುನಿಲಕ್ಷ್ಮಿಯದು ಕೆಳಕ್ಕೆ. ಈ ಗಡಿ ಕೆಡಿಸಿದರೆ ಕಥೆಯೇ ಇಲ್ಲ.

ಹಾಗಾಗಿ ಹೆಸರು ಕೇಳಿಸುವ ಜಾಗವನ್ನು ಬೇಸ್‌ಮೆಂಟಿಗೆ ಇಳಿಸಿದೆ. ಅಲ್ಲಿ ಸಂಪ್ ಇದೆ. ಅಲ್ಲಿ ಇರುವವರು ಯಾರು? ಸೆಕ್ಯುರಿಟಿಯವರು, ಡ್ರೈವರುಗಳು, ಹೌಸ್‌ಕೀಪಿಂಗ್ ಹೆಂಗಸರು. ಈಗಿನ ಕರಡಿನಿಂದ ಒಂದು ತುಂಡು:

"ಸಂಪಿನ ಮುಚ್ಚಳ ಒಮ್ಮೆ ಅಲ್ಲಾಡಿತು. ಒಳಗೆ ಗುಳುಕ್ ಅಂತ ಸದ್ದು. ಆಮೇಲೆ ಒಂದು ಮುದಿ ಗಂಟಲು, ಕೆರೆ ಏರಿ ಮೇಲೆ ನಿಂತು ಕೂಗಿದ ಹಾಗೆ: 'ಮುನಿಯಮ್ಮನ ಮೊಮ್ಮಗಳು ಮುನಿಲಕ್ಷ್ಮಿ ತೂಬು ಎತ್ತವ್ಳೆ… ಕೆಳಗ್ಲೋರೆಲ್ಲಾ ಗದ್ದೆ ನೋಡ್ಕಳ್ರಪ್ಪೋ…' ರತ್ನಮ್ಮ ಮಾಪ್ ಹಿಡಿದುಕೊಂಡೇ ನಿಂತಳು. ಈ ಕೂಗು ಕೇಳಿ ಮೂವತ್ತು ವರ್ಷ ಆಗಿತ್ತು. ಲಿಫ್ಟ್ ಬಂತು. ಮಾಪ್ ಒಳಗೆ ತರಬೇಡ ಅಂತ ಯಾರೋ ಅಂದರು. ಅವಳು ತಂದಳು. ಏಳನೇ ಮಹಡಿಯಲ್ಲಿ ಲಕ್ಷ್ ಅನ್ನೋ ಹುಡುಗಿಯ ಮೇಜಿನ ಹತ್ತಿರ ಹೋಗಿ ನಿಂತು ಕೇಳಿದಳು: 'ನಿಮ್ಮಜ್ಜಿ ಹೆಸರೇನಮ್ಮ?'"

ನೀರು ಹತ್ತಲಾರದ ಏಳು ಮಹಡಿಯನ್ನು ಒಬ್ಬ ಹೆಂಗಸು ಹತ್ತಿದಳು. ಹಳೆ ದೃಶ್ಯಕ್ಕಿಂತ ಇದು ಎಷ್ಟೋ ಪಾಲು ಮೇಲು. ರಟ್ಟಿನ ಊರು ಮಾಡದೇ ಇದ್ದಿದ್ದರೆ ರತ್ನಮ್ಮ ಹುಟ್ಟುತ್ತಲೇ ಇರಲಿಲ್ಲ.

ಆ ವಾರ ಉಳಿದ ಅಧ್ಯಾಯಗಳನ್ನೂ ಬಿಚ್ಚಿದೆ. ಸಂಸ್ಕೃತದ ಮಂತ್ರಗಳೆಲ್ಲ ಹೋದವು, ಹದಿಮೂರು ಕಡೆ. ಅವು ಮುನಿಲಕ್ಷ್ಮಿಯ ಮನೆಯ ಮಾತಲ್ಲ. ಕೋಲಾರದ ಹತ್ತಿರ ನಮ್ಮ ಅತ್ತೆಯ ಊರಿನಲ್ಲಿ ವಯಸ್ಸಾದ ಒಬ್ಬ ನೀರುಗಂಟಿ ಇದ್ದಾರೆ. ಹೋದ ವರ್ಷ ಅವರು ನನಗೆ ತೂಬು ತೋರಿಸಿದ್ದರು. ನೀರಲ್ಲಿ ನಿಂತ ಎರಡು ಕಲ್ಲಿನ ಕಂಬ, ನಡುವೆ ತೂತು ಇರುವ ಅಡ್ಡ ಕಲ್ಲು, ಆ ತೂತಿನಲ್ಲಿ ಇಳಿಬಿಟ್ಟ ಗಳ. ಗಳ ಎತ್ತಿದರೆ ಕೆಳಗಿನ ಬಾಯಿ ತೆರೆಯುತ್ತದೆ. ಎತ್ತುವಾಗ ಅವರು ಮಂತ್ರ ಹೇಳಲಿಲ್ಲ. ಕೈಗೆ ಸ್ವಲ್ಪ ಮಣ್ಣು ಉಜ್ಜಿಕೊಂಡರು, ಜಾರಬಾರದು ಅಂತ. ಈಗ ಮುನಿಲಕ್ಷ್ಮಿಯೂ ಅದನ್ನೇ ಮಾಡುತ್ತಾಳೆ.

ಕರಗದ ಅಧ್ಯಾಯವನ್ನೂ ತೆಗೆದೆ. ಇದರ ಬಗ್ಗೆ ಸ್ವಲ್ಪ ಹೇಳಬೇಕು. ಸಂಪಂಗಿ ಕೆರೆಯ ಒಂದು ತುಣುಕು ಕ್ರೀಡಾಂಗಣದ ಪಕ್ಕ ಇವತ್ತಿಗೂ ಉಳಿದಿದೆ. ಕರಗದ ಆಚರಣೆಗೆ ಅದು ಬೇಕು. ಊರು ಮರೆತ ಕೆರೆಯನ್ನು ಕರಗ ಮಾತ್ರ ಮರೆತಿಲ್ಲ. ಹಾಗಂತ ಮೊದಲ ಕರಡಿನಲ್ಲಿ ಕರಗವನ್ನೇ ಮಾಟದ ಸಾಧನ ಮಾಡಿಕೊಂಡಿದ್ದೆ. ಅದು ತಪ್ಪು. ತಿಗಳರು ವ್ರತ ಹಿಡಿದು ಕಾಪಾಡಿಕೊಂಡು ಬಂದ ಪೂಜೆ ಅದು. ನನ್ನ ಕಥೆಯ ಗಂಟು ಬಿಚ್ಚಲು ಅದನ್ನು ಎರವಲು ತರಬಾರದು. ಈಗ ಚೈತ್ರ ಹುಣ್ಣಿಮೆಯ ರಾತ್ರಿ ಮುನಿಲಕ್ಷ್ಮಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದ ಮುಂದೆ ಜನರ ನಡುವೆ ನಿಂತಿರುತ್ತಾಳೆ. ಹೆಣ್ಣಿನ ಉಡುಗೆ ಉಟ್ಟು, ತಲೆ ಮೇಲೆ ಮಲ್ಲಿಗೆಯ ಗೋಪುರ ಹೊತ್ತ ಗಂಡಸು ಅವಳ ಮುಂದೆ ಹಾದು ಹೋಗುತ್ತಾರೆ. ಅವಳು ಕೈ ಮುಗಿಯುತ್ತಾಳೆ. ಒಂದೂವರೆ ಪುಟ. ಅಷ್ಟು ಸಾಕು.

'ನಾಳೆ ಬಾ' ಅಧ್ಯಾಯ ಮಾತ್ರ ಬೆಳೆಯಿತು. 1990ರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಗೊತ್ತು. ರಾತ್ರಿ ಒಂದು ದೆವ್ವ ಬಂದು, ನಮಗೆ ಪರಿಚಯ ಇರುವವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಅಂತ ಸುದ್ದಿ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರೆ ಓದಿ ಹಿಂದಕ್ಕೆ ಹೋಗುತ್ತದೆ. ನಮ್ಮ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದು ನಾನೇ. 'ಳೆ' ಸರಿಯಾಗಿ ಬರಲಿಲ್ಲ ಅಂತ ಅಪ್ಪ ತಿದ್ದಿದ್ದರು. ನನ್ನ ಕಥೆಯ ವಠಾರದಲ್ಲಿ ಐದು ಮನೆ, ಬಾಗಿಲ ಮೇಲೆ ನಾಲ್ಕು ಭಾಷೆ: ಕನ್ನಡ, ತೆಲುಗು, ತಮಿಳು, ಉರ್ದು. ಐದನೇ ಬಾಗಿಲು ಬರಿದು. ಅಲ್ಲಿ ಮುನಿಲಕ್ಷ್ಮಿಯ ಅಜ್ಜಿ ಇರುತ್ತಾಳೆ. ಅವಳಿಗೆ ಬರೆಯಲು ಬರಲ್ಲ. ದೆವ್ವ ಬಂದಾಗ ಅವಳು ಒಳಗಿಂದಲೇ ಕೇಳುತ್ತಾಳೆ: "ನೀನು ಯಾವ ಕೆರೆಯೋಳವ್ವ?" ಮೊದಲ ಕರಡಿನಲ್ಲಿ ಇದು ಬರೀ ಹೆದರಿಸುವ ದೃಶ್ಯ ಆಗಿತ್ತು. ಈಗ ಇಡೀ ಕಾದಂಬರಿಯ ಬೀಗದ ಕೈ ಇಲ್ಲಿದೆ. ಕರೆಯುತ್ತಿದ್ದವಳು ಮುಚ್ಚಿಹೋದ ಕೆರೆ. ಯಾರಾದರೂ ಓಗೊಡಲಿ ಅಂತ ಕಾಯುತ್ತಿದ್ದಳು. ಊರೆಲ್ಲ ಅವಳಿಗೆ ನಾಳೆ ಬಾ ಅಂದಿತು.

ಬೆಳ್ಳಂದೂರಿನ ಕೊನೆಯ ಭಾಗಕ್ಕೆ ಕೈ ಹಚ್ಚಲಿಲ್ಲ. ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿತ್ತು. 2017ರಲ್ಲಿ, 2018ರಲ್ಲಿ ಮತ್ತೆ ಕೆರೆಯಿಂದ ಬೆಂಕಿ, ಹೊಗೆ ಎದ್ದವು. ಉರಿಯುವ ಕೆರೆಯ ಮುಂದೆ ನನ್ನ ಕಲ್ಪನೆ ಏನೂ ಸೇರಿಸಬೇಕಿಲ್ಲ. ಮುನಿಲಕ್ಷ್ಮಿ ದಡದಲ್ಲಿ ನಿಂತು ನೋಡಿದರೆ ಆಯಿತು.

ಐದನೇ ಭಾನುವಾರ: ಹೊಲಿಗೆ, ಮತ್ತೊಂದು ಸೌಟು

ತಿದ್ದಿದ ಕರಡು 274 ಪುಟಕ್ಕೆ ಇಳಿಯಿತು. ಗೆಳತಿಗೆ ಬಿಡಿ ಹಾಳೆ ಕೊಡಲು ಮನಸ್ಸಾಗಲಿಲ್ಲ. ಎ5 ಅಳತೆಗೆ ಪ್ರಿಂಟ್ ತೆಗೆಸಿದೆ. ನಾಲ್ಕು ಹಾಳೆ ಮಡಚಿದರೆ 16 ಪುಟದ ಒಂದು ಫಾರಂ. ದಬ್ಬಣದಿಂದ ಮಡಿಕೆಯಲ್ಲಿ ಐದು ತೂತು ಹಾಕಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದೆ. ಬೆನ್ನಿಗೆ ಮೈದಾ ಅಂಟು. ಮೈದಾ ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ. ಹಳೆ ಬೈಂಡರುಗಳ ರೂಢಿ ಇದು. ಮೈಲುತುತ್ತ ವಿಷ. ಅಡುಗೆ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ. ರಟ್ಟಿಗೆ ಅದೇ ಫ್ರಿಜ್ಜಿನ ಪೆಟ್ಟಿಗೆಯ ಉಳಿದ ತುಂಡು ಸಾಕಾಯಿತು, ಎರಡೆರಡು ಪದರ ಸೇರಿಸಿ ಅಂಟಿಸಿದೆ. ಮೇಲೆ ನೀಲಿ ಕ್ಯಾಲಿಕೋ ಬಟ್ಟೆ.

ಅಂಟು ಒಣಗುವವರೆಗೆ ಮಾದರಿಯನ್ನು ಮತ್ತೆ ತಾರಸಿಗೆ ತಂದೆ. ಕೆಳಗಿನ ಮನೆಯ ಹುಡುಗ ಮೂರನೇ ಕ್ಲಾಸು. "ಆಂಟಿ, ನಾನು ಬಿಡ್ಲಾ ನೀರು?" ಅಂದ. ಸೌಟು ಕೊಟ್ಟೆ. ಮುನಿಲಕ್ಷ್ಮಿ ಅಂತ ಒಂದು ರಾಗಿ ಕಾಳನ್ನು ಸಂಪಂಗಿಯಲ್ಲಿ ಇಟ್ಟೆ. 31ನೇ ಅಧ್ಯಾಯದಲ್ಲಿ ಅವಳು ನೀರಿನ ಜೊತೆ ತಾನೂ ಕೆಳಗೆ ಹೋಗುತ್ತಾಳೆ. ಎಲ್ಲಿ ಮೇಲೆ ಬರುತ್ತಾಳೆ ಅನ್ನೋದು ಇನ್ನೂ ಗಟ್ಟಿಯಾಗಿರಲಿಲ್ಲ. ಬೆಳ್ಳಂದೂರಿನಲ್ಲಿ ಇರಬೇಕು ಅಂತ ಅಂದುಕೊಂಡಿದ್ದೆ.

ಹುಡುಗ ಹುಷಾರಾಗಿ, ನಾಲಿಗೆ ಕಚ್ಚಿಕೊಂಡು, ನಿಧಾನಕ್ಕೆ ಸುರಿದ. ರಾಗಿ ಶಾಂತಿನಗರ ದಾಟಿತು. ಕೋರಮಂಗಲಕ್ಕೆ ಬಂತು. ಅಲ್ಲಿ ತಿರುಗಿ ತಿರುಗಿ ನಿಂತುಬಿಟ್ಟಿತು. ಇನ್ನೊಂದು ಸೌಟು ಸುರಿದ. ಅಲ್ಲಾಡಲಿಲ್ಲ. ನಾನು ಕೊಯ್ದು ಹೊಸ ರಟ್ಟು ಕೂರಿಸಿದ ಜಾಗ ಇರಬಹುದು ಅಂತ ಬೆರಳಾಡಿಸಿ ನೋಡಿದೆ. ಅದು ಇನ್ನೂ ಎರಡು ಬೆರಳು ಆಚೆ ಇತ್ತು. ಇಲ್ಲಿ ನೆಲವೇ ತಗ್ಗು.

ನಕ್ಷೆ ತಂದು ಮೇಲೆ ಹಿಡಿದೆ. ಎಸ್.ಟಿ. ಬೆಡ್ ಬಡಾವಣೆ. ಮಳೆ ಜೋರಾದರೆ ನೀರು ನುಗ್ಗುವ ಜಾಗ ಅಂತ ಎಲ್ಲರಿಗೂ ಗೊತ್ತು. ಎಸ್.ಟಿ. ಅಂದರೆ ಶ್ರೀನಿವಾಗಿಲು ಟ್ಯಾಂಕ್. ಕೆರೆಯಂಗಳ ಅನ್ನೋ ಪೂರ್ತಿ ಹೆಸರು ಎರಡು ಇಂಗ್ಲಿಷ್ ಅಕ್ಷರದೊಳಗೆ ಮಡಚಿಕೊಂಡು ಕೂತಿದೆ, ಲಕ್ಷ್ ಒಳಗೆ ಮುನಿಲಕ್ಷ್ಮಿ ಕೂತಹಾಗೆ.

"ಆಂಟಿ, ಇದು ಮುಂದೆ ಹೋಗ್ತಾನೇ ಇಲ್ಲ" ಅಂದ ಹುಡುಗ.

"ಬಿಡು ಪುಟ್ಟಾ, ಅವಳು ಅಲ್ಲೇ ಇಳೀತಾಳೆ" ಅಂದೆ. ಪೆನ್ಸಿಲ್ ತಗೊಂಡು 31ನೇ ಅಧ್ಯಾಯದ ಮೇಲೆ ಜಾಗದ ಹೆಸರು ಬರೆದೆ. ಮುಂದಿನ ಭಾನುವಾರ ಅಲ್ಲಿಗೆ ಹೋಗಬೇಕು. ಯಾವ ಬೀದಿಯಲ್ಲಿ ಮೊದಲು ನೀರು ನಿಲ್ಲುತ್ತದೆ ಅಂತ ಅಲ್ಲಿನವರನ್ನೇ ಕೇಳಬೇಕು.